ಜುಲೈ 1: ಒಂದೇ ತಾರೀಖು, ಹಲವು ನೆನಪು

(ನಮ್ಮ ತರುಣ ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇತಿಹಾಸದ ಬಗ್ಗೆ ನಾಲ್ಕು ಮಾತು ಆಡ್ರಿ ಅಂತ ಕಾರ್ಯದರ್ಶಿ ಹೇಳಿದರು. ಬಾಬಾಸಾಹೇಬರ ಬಗ್ಗೆ ಇಲ್ಲಿ ಕುಂತ ಹುಡುಗರಿಗೆ ನನಗಿಂತ ಹೆಚ್ಚು ಗೊತ್ತದ. ಅದಕ್ಕ ಇವತ್ತು ನಿಮ್ಮನ್ನ ಬಹಳ ದೂರ, ಕೆನಡಾ ದೇಶಕ್ಕ ಕರಕೊಂಡು ಹೋಗತೀನಿ. ಅದೂ ಒಂದೇ ಒಂದು ತಾರೀಖಿಗೆ. ಜುಲೈ 1.

ಯಾಕಂತ ಮೊದಲ ಹೇಳಿಬಿಡತೀನಿ. ಹೋದ ವರ್ಷ ಆಗಸ್ಟ್ 15ರ ಮುಂದ ನಮ್ಮ ಮಂಡಳದಾಗ ಒಂದು ವಾದ ಎದ್ದಿತ್ತು. "ನಮ್ಮ ಓಣಿಗೆ ನಳದ ನೀರಿಲ್ಲ, ಸ್ಮಶಾನಕ್ಕ ಹಾದಿ ಇಲ್ಲ, ಝೇಂಡಾ ಹಾರಿಸಾಕ ನಾವ್ಯಾಕ ಹೋಗಬೇಕು?" ಅಂತ ಕೆಲವರು. "ಈ ದೇಶದ ಸಂವಿಧಾನ ಬರೆದವರು ಯಾರು? ನಾವ ಹೋಗದಿದ್ರ ಮತ್ತ್ಯಾರು ಹೋಗಬೇಕು?" ಅಂತ ಉಳಿದವರು. ಎರಡೂ ಮಾತು ಖರೇನ. ಅವತ್ತು ನನಗೆ ಉತ್ತರ ಹೊಳೀಲಿಲ್ಲ. ಚಹಾ ಕುಡಿದು ಸುಮ್ಮನೆ ಎದ್ದುಬಂದೆ. ಇವತ್ತು ಆ ಬಾಕಿ ತೀರಿಸಲಿಕ್ಕೆ ನಿಂತೀನಿ.

ಜುಲೈ 1 ಕೆನಡಾದ ರಾಷ್ಟ್ರೀಯ ದಿನ. 1867ರ ಆ ದಿನ ಒಂಟಾರಿಯೊ, ಕ್ವಿಬೆಕ್, ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ ಎಂಬ ನಾಲ್ಕು ಪ್ರಾಂತ್ಯಗಳು ಕೂಡಿ ಒಂದು ಒಕ್ಕೂಟವಾದವು. ಜಾನ್ ಮೆಕ್‌ಡೊನಾಲ್ಡ್ ಮೊದಲ ಪ್ರಧಾನಿ. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿ ಬಾಳಿದ ಮೂಲನಿವಾಸಿಗಳನ್ನು ಈ ಕೂಡಾಟದಲ್ಲಿ ಯಾರೂ ಕೇಳಲಿಲ್ಲ. ಆ ಕಾಯಿದೆಯಲ್ಲಿ ಅವರ ಹೆಸರು ಬಂದದ್ದು ಒಂದು ಕಲಮಿನಲ್ಲಿ: ಅವರೂ ಅವರಿಗೆ ಮೀಸಲಿಟ್ಟ ಜಮೀನೂ ಕೇಂದ್ರ ಸರ್ಕಾರದ ಅಧಿಕಾರಕ್ಕೆ ಸೇರಿದ್ದು ಅಂತ. ಅಂಚೆ, ನಾಣ್ಯ, ಬ್ಯಾಂಕುಗಳ ಯಾದಿಯೊಳಗೇ ಮನುಷ್ಯರೂ ಒಂದು ಬಾಬತ್ತು! ಮುಂದ 1876ರಲ್ಲಿ ಬಂದ ಇಂಡಿಯನ್ ಕಾಯಿದೆ ಅವರ ಬದುಕನ್ನೆಲ್ಲ ಸರ್ಕಾರಿ ಅಧಿಕಾರಿಗಳ ಕೈಗೆ ಕೊಟ್ಟಿತು.

ಎರಡನೇ ಜುಲೈ 1 ಯುದ್ಧದ್ದು. 1916, ಫ್ರಾನ್ಸ್ ದೇಶದ ಸೊಮ್ ಕದನದ ಮೊದಲನೇ ದಿನ. ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪದ ರೆಜಿಮೆಂಟು ಬೋಮಾಂಟ್-ಹ್ಯಾಮೆಲ್ ಎಂಬಲ್ಲಿ ಮುಂಜಾನೆ ಶತ್ರುವಿನ ಮಷಿನ್‌ಗನ್ನಿಗೆ ಎದೆ ಕೊಟ್ಟು ನಡೆಯಿತು. ಹೋದವರು ಸುಮಾರು 800 ಮಂದಿ. ಮರುದಿನ ಹಾಜರಿ ಕೂಗಿದಾಗ ಓ ಅಂದವರು 68. ಆ ದ್ವೀಪ ಕೆನಡಾಕ್ಕೆ ಸೇರಿದ್ದು 1949ರಲ್ಲಿ. ಇವತ್ತಿಗೂ ಅಲ್ಲಿನ ಮಂದಿ ಜುಲೈ 1ರ ಮುಂಜಾನೆ ಎದೆಗೆ ಒಂದು ಸಣ್ಣ ನೀಲಿ ಹೂವು ಸಿಕ್ಕಿಸಿಕೊಂಡು ಸತ್ತವರನ್ನು ನೆನೆಯುತ್ತಾರೆ. ಹಬ್ಬ ಏನಿದ್ದರೂ ಆಮೇಲೆ. ಒಂದೇ ದಿನದೊಳಗೆ ದುಃಖಕ್ಕೂ ಸಂತೋಷಕ್ಕೂ ಜಾಗ ಮಾಡಿಕೊಂಡಾರ.

ಮೂರನೆಯದನ್ನು ಲಕ್ಷ್ಯ ಕೊಟ್ಟು ಕೇಳ್ರಿ. ಕೆನಡಾದ ಪೂರ್ವ-ಪಶ್ಚಿಮಗಳನ್ನು ಕೂಡಿಸಿದ ರೈಲ್ವೆ ಹಾದಿಯನ್ನು ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಕಡಿದವರು ಹೆಚ್ಚಾಗಿ ಚೀನಾದಿಂದ ಬಂದ ಕೂಲಿಗಳು. 1881ರಿಂದ 1885ರ ತನಕ ಸುಮಾರು 15 ಸಾವಿರ ಮಂದಿ ದುಡಿದರು. ಬಂಡೆ ಸ್ಫೋಟದಾಗ, ಚಳಿಯಾಗ, ರೋಗದಾಗ ನೂರಾರು ಮಂದಿ ಸತ್ತರು. ಬಿಳಿಯರಿಗಿಂತ ಕಡಿಮೆ ಕೂಲಿ. 1885ರ ನವೆಂಬರ್ 7ರಂದು ಕಡೇ ಮೊಳೆ ಹೊಡೆದರು. ಆ ದಿನದ ಫೋಟೋ ಬಹಳ ಹೆಸರಾದದ್ದು. ಅದರಾಗ ಟೊಪ್ಪಿಗೆ ಹಾಕಿದ ದೊಡ್ಡ ಮಂದಿ ಅದಾರ, ಕಲ್ಲು ಒಡೆದ ಚೀನೀ ಕೂಲಿ ಕಾಣೋದಿಲ್ಲ. ಇದು ನಮಗೆ ಗುರುತಿರುವ ಫೋಟೋ ಅಲ್ಲೇನು? ಬಾವಿ ತೋಡಿದವರು ಒಬ್ಬರು, ಕಟ್ಟೆಯ ಮೇಲೆ ಹೆಸರು ಕೆತ್ತಿಸಿದವರು ಇನ್ನೊಬ್ಬರು.

ಕೆಲಸ ಮುಗಿದದ್ದೇ ತಡ, ಅದೇ ವರ್ಷ ಚೀನೀಯರ ಮೇಲೆ ತಲೆಗಂದಾಯ ಹೇರಿದರು. ಒಳಗೆ ಬರಬೇಕಾದರೆ ತಲೆಗೆ 50 ಡಾಲರ್. ಆಮೇಲೆ 100. 1903ರಲ್ಲಿ 500 ಡಾಲರ್, ಅಂದ್ರ ಒಬ್ಬ ಕೂಲಿಯ ಸುಮಾರು ಎರಡು ವರ್ಷದ ದುಡಿಮೆ. ಅದೂ ಸಾಲದೆ 1923ರಲ್ಲಿ ಬಾಗಿಲನ್ನೇ ಮುಚ್ಚುವ ಕಾಯಿದೆ ತಂದರು. ಅದು ಜಾರಿಗೆ ಬಂದ ದಿನ ಯಾವುದು ಗೊತ್ತದೇನು? ಜುಲೈ 1. ದೇಶ ಹಬ್ಬ ಮಾಡುವ ದಿನವೇ. ಮುಂದಿನ 24 ವರ್ಷದಲ್ಲಿ ಒಳಗೆ ಬರಲು ಬಿಟ್ಟದ್ದು ಐವತ್ತಕ್ಕೂ ಕಡಿಮೆ ಚೀನೀಯರನ್ನು. ಗಂಡ ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ. ಎಷ್ಟೋ ಸಂಸಾರ ಹಿಂಗ ಮುರಿದವು. ಕೆನಡಾದಲ್ಲೇ ಹುಟ್ಟಿದ ಚೀನೀ ಕೂಸಿನ ಹೆಸರನ್ನೂ ಸರ್ಕಾರದಲ್ಲಿ ನೋಂದಾಯಿಸಬೇಕಾಗಿತ್ತು.

ಆ ಮಂದಿ ಏನು ಮಾಡಿದರು? ಜುಲೈ 1ಕ್ಕೆ ತಮ್ಮದೇ ಹೆಸರು ಕೊಟ್ಟರು: ಅವಮಾನದ ದಿನ. ಆ ದಿನ ಅಂಗಡಿ ಮುಚ್ಚಿದರು, ಹಬ್ಬಕ್ಕೆ ಹೋಗಲಿಲ್ಲ. ಆದ್ರ ಮನೆಯಾಗ ಸುಮ್ಮನೆ ಕುಂತಿರಲಿಲ್ಲ. ಸಂಘ ಕಟ್ಟಿದರು, ಅರ್ಜಿ ಬರೆದರು, ಎರಡನೇ ಮಹಾಯುದ್ಧದಲ್ಲಿ ಅವರ ಮಕ್ಕಳು ಕೆನಡಾದ ಸೈನ್ಯ ಸೇರಿದರು. 1947ರಲ್ಲಿ ಆ ಕಾಯಿದೆ ರದ್ದಾಯಿತು. 2006ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿದರು. 1923ರಿಂದ ಎಣಿಸಿದರೆ 83 ವರ್ಷ. ತಲೆಗಂದಾಯ ಕಟ್ಟಿದವರಲ್ಲಿ ಆಗ ಉಳಿದವರು ಬೆರಳೆಣಿಕೆ ಮಂದಿ.

ನಾಲ್ಕನೆಯದು 1960. ಮೂಲನಿವಾಸಿಗಳು ದೇಶದ ಚುನಾವಣೆಯಲ್ಲಿ ಓಟು ಹಾಕಬೇಕಾದರೆ ಅಲ್ಲಿಯ ತನಕ ಹೆಚ್ಚಿನವರ ಮುಂದೆ ಒಂದು ಶರ್ತು ಇತ್ತು: ಕಾನೂನು ಪ್ರಕಾರದ ನಿಮ್ಮ ಮೂಲನಿವಾಸಿ ಸ್ಥಾನ, ಅದಕ್ಕೆ ಸೇರಿದ ಹಕ್ಕು ಬಿಟ್ಟುಕೊಡಿ. ನಾನು ನಾನಲ್ಲ ಅಂತ ಬರೆದುಕೊಟ್ಟರೆ ಮಾತ್ರ ಓಟು. 1960ರ ಜುಲೈ 1ರಂದು ಈ ಶರ್ತು ಹೋಯಿತು. ಗೆಳೆಯರೇ, ಲೆಕ್ಕ ಹಾಕ್ರಿ. ನಮ್ಮ ಅಜ್ಜಿ ಸಹಿ ಬಾರದಾಕಿ. ಆಕಿ 1952ರ ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಓಟು ಹಾಕ್ಯಾಳ. ಶ್ರೀಮಂತ ಕೆನಡಾ ತನ್ನ ನೆಲದ ಮಕ್ಕಳಿಗೆ ಎಂಟು ವರ್ಷ ತಡವಾಗಿ ಕೊಟ್ಟದ್ದನ್ನು ಬಾಬಾಸಾಹೇಬರ ಸಂವಿಧಾನ ನಮ್ಮ ಅಜ್ಜಿಗೆ ಯಾವ ಶರ್ತೂ ಇಲ್ಲದೆ ಕೊಟ್ಟಿತು.

ಐದನೆಯದು 1962. ಸಸ್ಕಾಚವಾನ್ ಎಂಬ ಗೋಧಿ ಬೆಳೆಯುವ ಪ್ರಾಂತ್ಯದಲ್ಲಿ, ಬಡವ ಶ್ರೀಮಂತ ಎನ್ನದೆ ಎಲ್ಲರಿಗೂ ಸರ್ಕಾರದಿಂದಲೇ ವೈದ್ಯರ ಖರ್ಚು ಅನ್ನುವ ಕಾಯಿದೆ ಜುಲೈ 1ರಂದು ಜಾರಿಯಾಯಿತು. ಅದೇ ದಿನ ಹೆಚ್ಚಿನ ಡಾಕ್ಟರುಗಳು ಮುಷ್ಕರ ಹೂಡಿದರು. 23 ದಿನ ನಡೆಯಿತು. ಸರ್ಕಾರ ಕೆಲವು ತಿದ್ದುಪಡಿ ಒಪ್ಪಿತು, ಆದರೆ ಯೋಜನೆ ಬಿಡಲಿಲ್ಲ. ಹತ್ತು ವರ್ಷದೊಳಗೆ ಇಡೀ ಕೆನಡಾ ಆ ಹಾದಿಗೆ ಬಂತು. ಒಳ್ಳೆಯ ಕಾಯಿದೆಯೂ ಜಗಳ ಇಲ್ಲದೆ ಬರೋದಿಲ್ಲ ಅನ್ನೋದು ನೆನಪಿರಲಿ.

ಕಡೆಯದು 2021. ಆ ವರ್ಷದ ಮೇ ತಿಂಗಳಲ್ಲಿ ಕ್ಯಾಮ್ಲೂಪ್ಸ್ ಊರಿನ ಹಳೆಯ ವಸತಿ ಶಾಲೆಯ ಜಾಗದಲ್ಲಿ ಮಕ್ಕಳ ಗೋರಿಗಳಿರಬಹುದಾದ ಗುರುತು ಸಿಕ್ಕಿವೆ ಎಂದು ಅಲ್ಲಿನ ಮೂಲನಿವಾಸಿ ಸಮುದಾಯ ಪ್ರಕಟಿಸಿತು. ಇಂಥ ಶಾಲೆಗಳಿಗೆ ನೂರು ವರ್ಷಕ್ಕೂ ಮಿಕ್ಕಿ ಒಂದೂವರೆ ಲಕ್ಷ ಮಕ್ಕಳನ್ನು ತಾಯಿ ತಂದೆಯಿಂದ ಬಿಡಿಸಿ ಒಯ್ದಿದ್ದರು. ತಾಯಿಯ ಭಾಷೆ ಆಡಿದರೆ ಶಿಕ್ಷೆ. ಸಾವಿರಾರು ಮಕ್ಕಳು ಮನೆಗೆ ತಿರುಗಿ ಬರಲಿಲ್ಲ. ಆ ಜುಲೈ 1ರಂದು ಪಾರ್ಲಿಮೆಂಟಿನ ಗೋಪುರದ ಝೇಂಡಾ ಅರ್ಧಕ್ಕೆ ಇಳಿದಿತ್ತು. ಎಷ್ಟೋ ಊರುಗಳು ಹಬ್ಬ ರದ್ದು ಮಾಡಿದವು. ಮಂದಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬೀದಿಗೆ ಬಂದರು.

ಈಗ ನಮ್ಮ ವಾದಕ್ಕೆ ಬರೋಣ. ಝೇಂಡಾಕ್ಕ ಹೋಗಬೇಕೋ ಬ್ಯಾಡೋ? ನನ್ನ ಉತ್ತರ: ಹೋಗಬೇಕು, ಆದ್ರ ಬರಿಗೈಲೆ ಹೋಗಬಾರದು. ದಿನ ಅನ್ನೋದು ಯಾರಪ್ಪನ ಆಸ್ತಿಯೂ ಅಲ್ಲ. ನಮಗೇನು ಇದು ಹೊಸದಲ್ಲ. ಜನವರಿ 1 ಅಂದ್ರ ಜಗತ್ತಿಗೆ ಹೊಸ ವರ್ಷ, ನಮಗೆ ಭೀಮಾ ಕೋರೆಗಾಂವ. 1927ರ ಜನವರಿ 1ರಂದು ಬಾಬಾಸಾಹೇಬರು ಆ ಸ್ತಂಭಕ್ಕೆ ಹೋಗಿ ನಿಂತ ಮೇಲೆ ಆ ತಾರೀಖಿನ ಅರ್ಥ ಬದಲಾಯಿತು. ಆಗಸ್ಟ್ 15ಕ್ಕೂ ನಾವು ಸಾಲಿನಾಗ ಮುಂದೆ ನಿಲ್ಲೋಣ, ವಂದನೆ ಮಾಡೋಣ, ಆಮೇಲೆ ಅಲ್ಲೇ ಎಲ್ಲರ ಎದುರಿಗೆ ನಳದ ಅರ್ಜಿ, ಸ್ಮಶಾನದ ಹಾದಿಯ ಅರ್ಜಿ ಕೊಡೋಣ. ಮನೆಯಾಗ ಕುಂತರೆ ನಮ್ಮ ಸಿಟ್ಟು ನಮ್ಮ ಗ್ವಾಡಿಗಷ್ಟೇ ಕೇಳತದ.

ಇನ್ನೊಂದು ಮಾತು. ಹೊರದೇಶಕ್ಕೆ ಹೋದರೆ ಜಾತಿ ಬಿಟ್ಟುಹೋಗತದ ಅಂತ ತಿಳಿಯಬ್ಯಾಡ್ರಿ. ಕೆನಡಾಕ್ಕೂ ಅದು ವಿಮಾನ ಹತ್ತಿ ಹೋಗ್ಯದ. ಆದರೆ ಅದರ ಹಿಂದೆಯೇ ನಮ್ಮ ಹೋರಾಟವೂ ಹೋಗ್ಯದ. 2021ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಏಪ್ರಿಲ್ 14ನ್ನು ಅಂಬೇಡ್ಕರ್ ಸಮಾನತೆಯ ದಿನ ಎಂದು ಸಾರಿತು. 2023ರಲ್ಲಿ ಅದೇ ಪ್ರಾಂತ್ಯದ ಮಾನವ ಹಕ್ಕು ನ್ಯಾಯಮಂಡಳಿ, ಜಾತಿ ಹಿಡಿದು ಬೈದ ಒಂದು ಪ್ರಕರಣದಲ್ಲಿ ನೊಂದವನಿಗೆ ಪರಿಹಾರ ಕೊಡಿಸಿತು. ಚೀನೀಯರಿಗೆ ಬಾಗಿಲು ಮುಚ್ಚಿದ ದೇಶದ ಕ್ಯಾಲೆಂಡರಿನಾಗ ಇವತ್ತು ನಮ್ಮ ಭೀಮ ಜಯಂತಿ ಅದ.

ಕಡೆಗೆ ನಿಮಗೆ ಒಂದು ಕೆಲಸ ಹಚ್ಚಿ ಕುಂದರತೀನಿ. ಈ ಸಭೆಯಲ್ಲಿ ನಲವತ್ತು ದಾಟಿದವರ ಹುಟ್ಟಿದ ತಾರೀಖು ಕೇಳ್ರಿ. ಅರ್ಧ ಮಂದಿ ಜೂನ್ 1 ಅಂತಾರ, ನಾನೂ ಅದರಾಗ ಒಬ್ಬ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದ ತಾರೀಖು ಅದು. ನಮ್ಮವ್ವ ಹೇಳೋದು ಬೇರೆ: "ನೀ ಹುಟ್ಟಿದಾಗ ಜೋಳದ ರಾಶಿ ನಡದಿತ್ತು." ನಮ್ಮ ತಾರೀಖನ್ನು ಇಷ್ಟು ದಿನ ಬೇರೆಯವರು ಬರೆದರು. ಇನ್ನು ಮೇಲೆ ನಾವು ಬರೆಯೋಣ. ಮಂಡಳದಿಂದ ಒಂದು ವಹಿ ತರ್ರಿ. ನಮ್ಮ ಓಣಿಯಲ್ಲಿ ಮೊದಲು ಹತ್ತನೇ ಇಯತ್ತೆ ಪಾಸಾದ ಹುಡುಗಿ ಯಾರು, ಯಾವಾಗ. ಊರ ಬಾವಿಯ ನೀರು ಮೊದಲು ಸೇದಿದವರು ಯಾರು. ಹೋಟೆಲಿನಲ್ಲಿ ಬೇರೆ ಕಪ್ಪು ಇಡೋದು ಯಾವ ವರ್ಷ ನಿಂತಿತು. ಅವಮಾನದ ದಿನವನ್ನೂ ಬರೀರಿ, ಗೆದ್ದ ದಿನವನ್ನೂ ಬರೀರಿ. ಹೇಳುವ ಮುದುಕರು ಇನ್ನೂ ನಮ್ಮ ನಡುವೆ ಅದಾರ. ತಡ ಮಾಡಬ್ಯಾಡ್ರಿ.

ಮುಂದಿನ ವರ್ಷದ ಸ್ಮರಣಸಂಚಿಕೆಯಲ್ಲಿ ನನ್ನ ಭಾಷಣ ಬ್ಯಾಡ. ಆ ವಹಿ ಅಚ್ಚಾಗಲಿ.

ಜೈಭೀಮ.