ಕಾಪಿ ಹೊಡೆದ ರೂಲ್ಸ್ ಬುಕ್ ಕಾನೂನಾಗಲ್ಲ ನೋಡ್ರಿ!

ಇವತ್ತಿನ ಸಂಚಿಕೆ ಕೆಲಸ ಮಾಡೋರಿಗೂ ಹೌದು, ಕೆಲಸ ಕೊಡೋರಿಗೂ ಹೌದು.

ಈಚೆಗೆ ರಾಯಚೂರಿನಲ್ಲಿ ಗೆಳೆಯನ ಬಟ್ಟೆ ಅಂಗಡಿಗೆ ಹೋಗಿದ್ದೆ. 14 ಮಂದಿ ಕೆಲಸಕ್ಕಿದ್ದಾರೆ. ಅರ್ಧ ಜನ ದೇವದುರ್ಗ, ಮಾನ್ವಿ ಕಡೆಯಿಂದ ದಿನಾ ಬಸ್ಸಿಗೆ ಬರೋರು. “ನಾವೂ ಎಂಪ್ಲಾಯಿ ಹ್ಯಾಂಡ್‌ಬುಕ್ ಮಾಡೀವಿ ನೋಡಪ” ಅಂತ ಮೊಬೈಲ್ ಕೈಗೆ ಕೊಟ್ಟ. 40 ಪುಟದ ಇಂಗ್ಲಿಷ್ ಪಿಡಿಎಫ್! ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಅಂಗಡಿ ಹೆಸರು ಮಾತ್ರ ಬದಲಿಸಿದ್ದ. ಅದರಲ್ಲಿ ಒಂದು ಸಾಲು: ಯಾರನ್ನಾದರೂ, ಯಾವಾಗಲಾದರೂ, ಕಾರಣ ಹೇಳದೆ ಕೆಲಸದಿಂದ ತೆಗೆಯಬಹುದು.

ಅದು ಅಮೆರಿಕದ ಪದ್ಧತಿ. ಇಲ್ಲಿ ನಡೆಯಲ್ಲ. ನಮ್ಮ ಅಂಗಡಿ, ಹೋಟೆಲ್, ಆಫೀಸುಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಕೆಲಸ ಮಾಡಿದವರನ್ನು ತೆಗೀಬೇಕಾದ್ರೆ ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟೇ ಪಗಾರ ಕೊಡಬೇಕು. ಕೈಪಿಡಿಯಲ್ಲಿ ಬರೆದ ಮಾತ್ರಕ್ಕೆ ಕಾನೂನು ಕೊಟ್ಟ ಹಕ್ಕು ಹೋಗಲ್ಲ.

ನನ್ನ ಮೊದಲ ಕೆಲಸ ನೆನಪಾಯ್ತು. ಹತ್ತು ನಿಮಿಷ ತಡವಾದ್ರೆ ಅರ್ಧ ದಿನದ ಪಗಾರ ಕಟ್. ದಾರಿಯಲ್ಲಿ ಬಸ್ ಕೆಟ್ಟು ನಿಂತರೂ ಅಷ್ಟೇ. ಕೇಳಿದ್ರೆ “ರೂಲ್ಸ್” ಅಂತಿದ್ರು. ಆ ರೂಲ್ಸ್ ಎಲ್ಲಿ ಬರೆದೈತಿ ಅಂತ ಕೇಳೋ ಧೈರ್ಯ ನನಗಿರಲಿಲ್ಲ.

ಹಾಗಾದ್ರೆ ಕೈಪಿಡಿಯಲ್ಲಿ ಏನಿರಬೇಕು? ಮೊದಲು ನೇಮಕಾತಿ ಪತ್ರ: ಸೇರಿದ 30 ದಿನದೊಳಗೆ ಕೈಗೆ ಸಿಗಬೇಕು. ಎರಡನೆಯದು ಸಮಯ: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಅದಕ್ಕಿಂತ ಹೆಚ್ಚು ದುಡಿಸಿದ್ರೆ ಆ ಹೊತ್ತಿಗೆ ದುಪ್ಪಟ್ಟು ಕೂಲಿ. ಮೂರನೆಯದು ಸಂಬಳ ಸಹಿತ ರಜೆ: 20 ದಿನ ದುಡಿದ್ರೆ ಒಂದು ದಿನ, ಅಂದ್ರೆ 240 ದಿನಕ್ಕೆ 12.

ಇನ್ನು ಪಗಾರ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆ ಪ್ರಕಾರ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟರೆ ಬಾಕಿಯೆಲ್ಲ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ದಂಡ ಹಾಕೋ ಮುಂಚೆ ಕೆಲಸಗಾರನ ಮಾತು ಕೇಳಬೇಕು. ದಂಡ ಪಗಾರದ ಶೇ 3 ದಾಟೋ ಹಂಗಿಲ್ಲ. 12,000 ಪಗಾರಕ್ಕೆ 360 ರೂಪಾಯಿ, ಅಷ್ಟೇ ಗರಿಷ್ಠ. ತಡವಾಗಿದ್ದಕ್ಕೆ ಕಟ್ ಮಾಡೋದಾದ್ರೂ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೇ. ಹತ್ತು ನಿಮಿಷಕ್ಕೆ ಅರ್ಧ ದಿನ ಅಲ್ಲ!

ಹೆಣ್ಣುಮಕ್ಕಳ ವಿಷಯ ಕೊನೆ ಪುಟಕ್ಕೆ ತಳ್ಳಬ್ಯಾಡ್ರಿ. 10 ಅಥವಾ ಹೆಚ್ಚು ಜನ ಇದ್ದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಲೇಬೇಕು. ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು. ಅವರ ಹೆಸರು, ಫೋನ್ ನಂಬರ್ ಕೈಪಿಡಿಯಲ್ಲಿ ಬರೀರಿ. 10ಕ್ಕಿಂತ ಕಡಿಮೆ ಜನ ಇದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಮೂರು ತಿಂಗಳ ಅವಧಿ ಇದೆ ಅನ್ನೋದೂ ಗೊತ್ತಿರಲಿ. 26 ವಾರಗಳ ಹೆರಿಗೆ ರಜೆಯನ್ನೂ ಸ್ಪಷ್ಟವಾಗಿ ಬರೀರಿ.

ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ ನಡೆಸೋರು ಗಮನಿಸ್ರಿ: ನಿಮಗೆ ಅಂಗಡಿ ಕಾಯ್ದೆ ಅಲ್ಲ, ಕಾರ್ಖಾನೆ ನಿಯಮ. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿಕೊಂಡೇ ಬರೀರಿ.

ಕೊನೆಯದಾಗಿ ಭಾಷೆ. ಕೈಗಾರಿಕೆಗಳ ಸ್ಥಾಯಿ ಆದೇಶಗಳ ಬಗ್ಗೆ 1946ರಲ್ಲೇ ಒಂದು ಕಾಯ್ದೆ ಬಂತು. ಹೆಚ್ಚಿನ ಕಾರ್ಮಿಕರಿಗೆ ತಿಳಿಯೋ ಭಾಷೆಯಲ್ಲೂ ನಿಯಮಗಳನ್ನು ಬಾಗಿಲ ಹತ್ತಿರ ಹಾಕಬೇಕು ಅಂತ ಅದರಲ್ಲಿತ್ತು. ಸಣ್ಣ ಅಂಗಡಿಗೆ ಆ ಕಾಯ್ದೆ ಅನ್ವಯಿಸದಿದ್ರೂ ಮಾತು ಖರೇನ. ಓದಲಾಗದ ರೂಲು ಇದ್ದೂ ಇಲ್ಲದಂಗ.

ಗೆಳೆಯ ಕೂತು ಕನ್ನಡದಲ್ಲಿ ಆರು ಪುಟ ಬರೆದ. ಎಲ್ಲರ ಮುಂದೆ ಓದಿದ. ದಂಡದ ಪುಟ ಮುಗಿದಾಗ ಮಾನ್ವಿಯಿಂದ ಬರೋ ಹುಡುಗಿ ಎದ್ದು ನಿಂತಳು: “ಅಣ್ಣಾ, ಹಂಗಾದ್ರ ಹೋದ ತಿಂಗಳು ನನ್ನ ಪಗಾರದಾಗ ಹಿಡಿದಿದ್ದು?”

ಗೆಳೆಯ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಗಲ್ಲಾ ತೆಗೆದ.

ನಿಮ್ಮ ಕೆಲಸದ ಜಾಗದಲ್ಲಿ ರೂಲ್ಸ್ ಎಲ್ಲಿ ಬರೆದಿದ್ದಾರೆ? ನಾಳೆ ಒಮ್ಮೆ ಕೇಳಿ ನೋಡ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರ್ತೀನ್ರಿ.