ಕೋಲಾರದ ಗಣಿಯಲ್ಲಿ ಸಿಕ್ಕ ಕಣ
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಣ್ಣಿಗೆ ಕಾಣದ ಕಣಗಳು ಒಂದನ್ನೊಂದು ಹೇಗೆ ಸಂಧಿಸುತ್ತವೆ ಎಂಬುದು ನನಗೆ ಕೊಟ್ಟಿರುವ ವಿಷಯ. ಗೋಲಿಗೆ ಗೋಲಿ ಬಡಿದಂತೆ ಎಂದುಕೊಳ್ಳಬೇಡಿ. ಎರಡು ಎಲೆಕ್ಟ್ರಾನುಗಳು ಹತ್ತಿರ ಬಂದರೆ ಮುಟ್ಟದೆಯೇ ಒಂದನ್ನೊಂದು ತಳ್ಳುತ್ತವೆ. ನಡುವೆ ಫೋಟಾನಿನ ಕೊಡುಕೊಳ್ಳುವಿಕೆ ನಡೆಯುತ್ತದೆ ಎನ್ನುತ್ತದೆ ಕ್ವಾಂಟಮ್ ಸಿದ್ಧಾಂತ. ಭೇಟಿ ಆಗಿಯೇ ಆಗುತ್ತದೆ ಎಂದು ಹೇಳಲಾಗದು. ಆಗುವ ಸಂಭವ ಎಷ್ಟು ಎಂದಷ್ಟೇ ಲೆಕ್ಕ ಹಾಕಬಹುದು.

ನ್ಯೂಟ್ರಿನೋ ಎಂಬ ಕಣದಲ್ಲಿ ಈ ಸಂಭವ ತೀರಾ ಕಡಿಮೆ. ಅದಕ್ಕೆ ವಿದ್ಯುದಾವೇಶವಿಲ್ಲ. ಚುಂಚನಕಟ್ಟೆ ಜಾತ್ರೆಯ ಜನಜಂಗುಳಿಯಲ್ಲಿ ಯಾರನ್ನೂ ಮಾತಾಡಿಸದೆ ದಾಟಿಹೋಗುವವನ ಹಾಗೆ ಅದು. ಸೂರ್ಯನಿಂದ ಹೊರಟ ನ್ಯೂಟ್ರಿನೋಗಳು ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ದಾಟುತ್ತಿವೆ. ಈಗಲೂ, ನಾನು ಮಾತಾಡುತ್ತಿರುವಾಗಲೂ.

ಹಾಗಾದರೆ ಹಿಡಿಯುವುದೆಲ್ಲಿ? ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಪರಮಾಣುಗಳಿಗೆ ಬಡಿದಾಗ ಮ್ಯುವಾನ್ ಮತ್ತು ನ್ಯೂಟ್ರಿನೋ ಎರಡೂ ಹುಟ್ಟುತ್ತವೆ. ನೆಲದ ಮೇಲೆ ಮ್ಯುವಾನ್‌ಗಳದೇ ಗದ್ದಲ. ಅಂಗೈ ಮೇಲೆ ಸೆಕೆಂಡಿಗೆ ಒಂದೆರಡು ಬೀಳುತ್ತವೆ. ಆ ಗದ್ದಲ ಅಡಗಬೇಕಾದರೆ ಪಾತಾಳಕ್ಕೇ ಇಳಿಯಬೇಕು. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾಲಯದವರ ಜೊತೆ ಉಪಕರಣ ಹೂಡಿದರು. ಮೇಲಿನಿಂದ ಬರುವ ಮ್ಯುವಾನನ್ನು ಬಂಡೆ ತಡೆಯಿತು. ಆದರೂ ಪಕ್ಕದಿಂದ, ಅಡ್ಡಡ್ಡವಾಗಿ ಒಂದು ಮ್ಯುವಾನ್ ಬಂತು! ಅಷ್ಟು ಬಂಡೆ ದಾಟಿ ಮ್ಯುವಾನ್ ಅಡ್ಡ ಬರಲಾರದು. ನ್ಯೂಟ್ರಿನೋ ಒಂದು ಪಕ್ಕದ ಬಂಡೆಯೊಳಗಿನ ಪರಮಾಣು ಬೀಜವನ್ನು ಸಂಧಿಸಿ, ತಾನೇ ಮ್ಯುವಾನ್ ಆಗಿ ಹೊರಬಿದ್ದಿತ್ತು. 1965ರ ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಈ ವರದಿ ಬಂತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ತಂಡದ ವರದಿ ಎರಡು ವಾರ ತಡವಾಗಿ ಅಚ್ಚಾಯಿತು.

ನಮ್ಮವರ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ಬೇರೆಲ್ಲಿಯವರೂ ಅಲ್ಲ, ನಮ್ಮ ಜಿಲ್ಲೆಯ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದವರು. ಹೋಮಿ ಭಾಭಾ ಅವರ ಮಾತಿನಂತೆ 1950ರ ದಶಕದ ಆರಂಭದಲ್ಲೇ ಮ್ಯುವಾನ್ ಎಣಿಸಲು ಆ ಗಣಿಗೆ ಇಳಿದಿದ್ದರು. ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಕೋಲಾರ ಎಂದರೆ ಚಿನ್ನ ಎಂದಷ್ಟೇ ಬರೆಯುವ ನಮ್ಮ ಮಕ್ಕಳಿಗೆ ಈ ಹೆಸರೂ ಗೊತ್ತಿರಬೇಕೆಂದು ನನ್ನಾಸೆ.

ಗಣಿ ನಷ್ಟಕ್ಕೆ ಬಿದ್ದಾಗ ಪ್ರಯೋಗಾಲಯವೂ ನಿಂತಿತು. 2001ರಲ್ಲಿ ಗಣಿಯನ್ನೇ ಮುಚ್ಚಿದರು. ಅಷ್ಟು ಆಳದ ಪ್ರಯೋಗಾಲಯ ನಮ್ಮ ದೇಶಕ್ಕೆ ಮತ್ತೆ ದಕ್ಕಿಲ್ಲ.