ಹೆಸರು ಕತ್ತರಿಸಬೇಡಿ



ನಿಮ್ಮಲ್ಲಿ ಹಲವರ ಮನೆಯಲ್ಲಿ ಸಿ ಭಾಷೆ ಕಲಿಯುತ್ತಿರುವ ಮಗನೋ ಮಗಳೋ ಇರಬಹುದು. ಇಂದಿನ ಮಾತು ಅವರಿಗಾಗಿ. ಹಿರಿಯರೂ ದಯವಿಟ್ಟು ಕೇಳಿ, ಏಕೆಂದರೆ ಪ್ರೋಗ್ರಾಮ್ ತಪ್ಪಿದರೆ ಕಳೆದುಹೋಗುವುದು ನಿಮ್ಮ ಬರಹ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಫ್ಲಾಪಿಯ ಕಾಲದಲ್ಲಿ ಉಪನಗರದ ಒಂದು ಸಂಘದ ಸ್ಮರಣ ಸಂಚಿಕೆಗೆ ಲೇಖನಗಳನ್ನು ಟೈಪ್ ಮಾಡಿಸಿದ್ದೆವು. ಫೈಲುಗಳಿಗೆ ಇಂಗ್ಲಿಷ್ ಲಿಪಿಯಲ್ಲಿ 'ಸಮ್ಮೇಳನ ಮುಲುಂಡ್', 'ಸಮ್ಮೇಳನ ಡೊಂಬಿವಲಿ' ಎಂದು ಹೆಸರಿಟ್ಟಿದ್ದೆವು. ಹಳೆಯ ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು ಅಕ್ಷರ, ಅಷ್ಟೇ. ಹಾಗಾಗಿ ಮೊದಲ ಎಂಟು ಅಕ್ಷರ ಉಳಿಸಿಕೊಂಡು ಫ್ಲಾಪಿಗೆ ನಕಲು ಮಾಡುವ ಪುಟ್ಟ ಸಿ ಪ್ರೋಗ್ರಾಮ್ ಬರೆದೆ. ಇಂಗ್ಲಿಷಿನಲ್ಲಿ 'ಸಮ್ಮೇಳನ' ಎಂಬುದಕ್ಕೇ ಒಂಬತ್ತು ಅಕ್ಷರ! ಎರಡೂ ಫೈಲುಗಳ ಹೆಸರು ಒಂದೇ ಆಯಿತು. ಡೊಂಬಿವಲಿಯ ಭಾಷಣ ಮುಲುಂಡಿನ ಭಾಷಣದ ಮೇಲೆ ಕುಳಿತಿತು. ನಕಲಾಯಿತಲ್ಲ ಎಂದು ಮೂಲವನ್ನೂ ಅಳಿಸಿಬಿಟ್ಟಿದ್ದೆ. ಆ ಭಾಷಣ ಬರೆದ ಹಿರಿಯರು, 'ಕೈಬರಹದ ಪ್ರತಿ ನಿಮಗೇ ಕೊಟ್ಟಿದ್ದೆನಲ್ಲ' ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

1995ರಲ್ಲಿ ವಿಂಡೋಸ್ 95 ಬಂದಾಗ 255 ಅಕ್ಷರಗಳವರೆಗಿನ ಹೆಸರು ಸಾಧ್ಯವಾಯಿತು. ಆದರೆ ಕಾಲೇಜುಗಳಲ್ಲಿ ಬಹುಕಾಲ ಕಲಿಸಿದ್ದು ಡಾಸ್ ಕಾಲದ ಟರ್ಬೊ ಸಿ. ಅದರಲ್ಲಿ ಫೈಲ್ ಹುಡುಕುವ 'ಫೈಂಡ್‌ಫಸ್ಟ್' ಎಂಬ ಫಂಕ್ಷನ್ ಹೆಸರಿಗೆ ಇಟ್ಟಿದ್ದ ಜಾಗ 13 ಬೈಟ್: ಎಂಟು, ಒಂದು ಚುಕ್ಕಿ, ಮೂರು, ಕೊನೆಗೆ ಹೆಸರು ಮುಗಿಯಿತೆಂದು ಹೇಳುವ ಶೂನ್ಯ. ಈ ಹದಿಮೂರರ ಅಭ್ಯಾಸ ಹಲವರ ಕೈಯಲ್ಲಿ ಉಳಿದುಬಿಟ್ಟಿತು.

ಈಗ 'ಕನ್ನಡ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ಒತ್ತಕ್ಷರ ಮಾಡುವ ವಿರಾಮ, ಮತ್ತೆ ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹದಿನೈದು. ಹನ್ನೆರಡು ಬೋಗಿಯ ಪ್ಲಾಟ್‌ಫಾರ್ಮಿಗೆ ಹದಿನೈದು ಬೋಗಿಯ ಲೋಕಲ್ ಬಂದಂತೆ! ಲೋಕಲ್ಲಿನಲ್ಲಾದರೆ ಮೂರು ಬೋಗಿ ಹೊರಗೆ ನಿಲ್ಲುತ್ತವೆ. ಸಿ ಭಾಷೆಯಲ್ಲಿ ಹಾಗಲ್ಲ, ಹೆಚ್ಚಾದ ಬೈಟುಗಳು ಪಕ್ಕದ ಜಾಗಕ್ಕೆ ನುಗ್ಗಿ ಅಲ್ಲಿದ್ದುದನ್ನು ಕೆಡಿಸುತ್ತವೆ.

ಇನ್ನು ವೈಲ್ಡ್‌ಕಾರ್ಡ್, ಅಂದರೆ ಹಲವು ಫೈಲುಗಳನ್ನು ಒಂದೇ ಏಟಿಗೆ ಕರೆಯುವ ನಕ್ಷತ್ರ ಮತ್ತು ಪ್ರಶ್ನೆ ಚಿಹ್ನೆ. ಲಿನಕ್ಸ್‌ನಲ್ಲಿ ನಕ್ಷತ್ರವನ್ನು ಬಿಡಿಸುವುದು ಶೆಲ್. ನಿಮ್ಮ ಪ್ರೋಗ್ರಾಮಿಗೆ ಸಿಗುವುದು ಹೆಸರುಗಳ ಸಿದ್ಧ ಪಟ್ಟಿ. ಅದು 'ಆರ್ಗ್‌ವಿ'ಯಲ್ಲಿರುತ್ತದೆ, ಎಣಿಕೆ 'ಆರ್ಗ್‌ಸಿ'ಯಲ್ಲಿ. ಡಾಸ್ ಮತ್ತು ವಿಂಡೋಸ್‌ನ ಕಮಾಂಡ್ ಕಿಟಕಿ ಈ ಕೆಲಸ ಮಾಡುವುದಿಲ್ಲ, ನಕ್ಷತ್ರವನ್ನು ಹಾಗೆಯೇ ದಾಟಿಸುತ್ತದೆ. ಬಿಡಿಸುವ ಹೊಣೆ ಪ್ರೋಗ್ರಾಮಿನದು. ಅದಕ್ಕೆಂದೇ ಟರ್ಬೊ ಸಿಯಲ್ಲಿ 'ವೈಲ್ಡ್‌ಆರ್ಗ್ಸ್', ಮೈಕ್ರೋಸಾಫ್ಟ್ ಸಿಯಲ್ಲಿ 'ಸೆಟ್‌ಆರ್ಗ್‌ವಿ' ಎಂಬ ಸಿದ್ಧ ಆಬ್ಜೆಕ್ಟ್ ಫೈಲುಗಳಿವೆ. ಲಿಂಕ್ ಮಾಡುವಾಗ ಸೇರಿಸಿಕೊಂಡರೆ ಸಾಕು. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಟೈಪ್ ಮಾಡುವಾಗ ಉದ್ಧರಣ ಚಿಹ್ನೆಯೊಳಗಿಡಿ. ಇಲ್ಲವಾದರೆ ಒಂದು ಹೆಸರು ಎರಡಾಗುತ್ತದೆ. ಪ್ರಶ್ನೆ ಚಿಹ್ನೆ ಬಳಸುವಾಗ ಎಚ್ಚರ: ಯುಟಿಎಫ್-8ರ ಲಿನಕ್ಸ್‌ನಲ್ಲಿ 'ಕನ್ನಡ'ಕ್ಕೆ ಮೂರಲ್ಲ, ಐದು ಪ್ರಶ್ನೆ ಚಿಹ್ನೆ ಬೇಕು. ನಮ್ಮ ಲಿಪಿಗೆ ನಕ್ಷತ್ರವೇ ಕ್ಷೇಮ.

ವಿದ್ಯಾರ್ಥಿಗಳೇ, ಕಾಗದ, ಪೆನ್ನು ತೆಗೆದುಕೊಳ್ಳಿ. ನಾಲ್ಕೇ ಮಾತು.

ಒಂದು, ಹೆಸರಿನ ಜಾಗವನ್ನು ಊಹಿಸಬೇಡಿ. 'ಸ್ಟ್ರ್‌ಲೆನ್'ನಿಂದ ಅಳೆದು, ಶೂನ್ಯಕ್ಕೆ ಒಂದು ಕೂಡಿಸಿ, 'ಮ್ಯಾಲಾಕ್'ನಿಂದ ಅಷ್ಟು ಜಾಗ ಪಡೆಯಿರಿ.

ಎರಡು, ಹೆಸರನ್ನು ನಡುವೆ ಕತ್ತರಿಸಬೇಡಿ. ಕನ್ನಡದ ಒಂದು ಸಂಕೇತದ ಮೂರು ಬೈಟುಗಳ ನಡುವೆ ಕತ್ತರಿ ಬಿದ್ದರೆ ಉಳಿಯುವುದು ಅಕ್ಷರವಲ್ಲ, ಕಸ.

ಮೂರು, ವಿಂಡೋಸ್‌ನಲ್ಲಿ ಸಾಮಾನ್ಯ 'ಮೇನ್'ಗೆ ಕನ್ನಡ ಹೆಸರು ಹೆಚ್ಚಾಗಿ ಪ್ರಶ್ನೆ ಚಿಹ್ನೆಗಳ ಸಾಲಾಗಿ ಬರುತ್ತದೆ. ಅಲ್ಲಿ 'ಡಬ್ಲ್ಯೂಮೇನ್' ಬಳಸಿ.

ನಾಲ್ಕು, 'ಎಫ್‌ಓಪನ್'ಗೆ ಬರೀ 'ಡಬ್ಲ್ಯೂ' ಕೊಟ್ಟರೆ ಇದ್ದ ಫೈಲು ಸದ್ದಿಲ್ಲದೆ ಬರಿದಾಗುತ್ತದೆ. 2011ರ ಸಿ ಮಾನಕದ ಪ್ರಕಾರ ಅದರ ಪಕ್ಕದಲ್ಲಿ 'ಎಕ್ಸ್' ಸೇರಿಸಬಹುದು. ಆಗ ಅದೇ ಹೆಸರಿನ ಫೈಲು ಇದ್ದರೆ ಅದು ತೆರೆಯಲು ಒಪ್ಪುವುದಿಲ್ಲ. ಆ ಒಂದು ಅಕ್ಷರ ಅಂದು ನನ್ನ ಕೈಯಲ್ಲಿದ್ದಿದ್ದರೆ ಮುಲುಂಡಿನ ಭಾಷಣ ಉಳಿಯುತ್ತಿತ್ತು.

ಹೆಸರು ಇಡುವವರು ಹಿರಿಯರು. ಅದು ಹಿಡಿಯುವಷ್ಟು ಜಾಗ ಮಾಡಿಕೊಡುವುದು ಪ್ರೋಗ್ರಾಮ್ ಬರೆಯುವವರ ಕೆಲಸ. ಇಂದು ರಾತ್ರಿ ನೀವು ಬರೆದ ಒಂದು ಪ್ರೋಗ್ರಾಮಿಗೆ ನಿಮ್ಮ ಅಜ್ಜಿಯ ಪೂರ್ಣ ಹೆಸರಿನ ಫೈಲನ್ನು ಕನ್ನಡದಲ್ಲೇ ಕೊಟ್ಟು ನೋಡಿ. ಎಡವಿದರೆ ತಿದ್ದಬೇಕಾದದ್ದು ಪ್ರೋಗ್ರಾಮನ್ನು, ಅಜ್ಜಿಯ ಹೆಸರನ್ನಲ್ಲ.